ನಡುಗಬಾರದ ಪೆಟ್ಟಿಗೆ

ನಾದವೆಂದರೆ ಕಂಪನ, ಅದನ್ನು ವರ್ಧಿಸುವ ಯಂತ್ರ ಮಾತ್ರ ತಾನು ಕಂಪಿಸಬಾರದು. ವಿರೋಧಾಭಾಸಕ್ಕೆ ಇದಕ್ಕಿಂತ ಒಳ್ಳೆಯ ನಿದರ್ಶನ ನನ್ನ ಅಲಂಕಾರಶಾಸ್ತ್ರದ ತರಗತಿಗೂ ದೊರೆತಿಲ್ಲ.

ಮನೆಯಲ್ಲಿ ವಾಲ್ವ್ ಆಂಪ್ಲಿಫೈಯರ್ ಇರುವವರು ಅದರ ಮೊದಲ ವಾಲ್ವನ್ನು ಪೆನ್ಸಿಲಿನಿಂದ ಮೆಲ್ಲಗೆ ತಟ್ಟಿನೋಡಲಿ: ಸ್ಪೀಕರಿನಲ್ಲಿ ಗಂಟೆಯಂತಹ ದನಿ ಕೇಳಿಬಂದೀತು. ಆ ಗಾಜಿನ ಬುರುಡೆಯೊಳಗೆ ಕ್ಯಾಥೋಡಿಗೂ ತಂತಿಯ ಜಾಲರಿಗೂ ನಡುವಣ ಅಂತರ ಒಂದು ಮಿಲಿಮೀಟರಿಗಿಂತ ಕಡಿಮೆ. ಜಾಲರಿ ತುಸು ಅಲುಗಿದರೂ ವಿದ್ಯುತ್ಪ್ರವಾಹ ಅಲುಗುತ್ತದೆ. ಮುಂದಿನ ಹಂತಗಳು ಅದನ್ನೂ ಸಂಗೀತವೆಂದೇ ಬಗೆದು ಹಿಗ್ಗಿಸುತ್ತವೆ. ಸ್ಪೀಕರಿನ ಅದುರು ಅದೇ ಮೇಜಿನ ಮೂಲಕ ವಾಲ್ವಿಗೆ ಮರಳಿತೋ, ಊಳಿಗೆ ಕೊನೆಯೇ ಇಲ್ಲ. ಇಂಗ್ಲೆಂಡಿನಲ್ಲಿ 1953ರಲ್ಲಿ ಬಂದ ಕ್ವಾಡ್-2 ತನ್ನ ಮೊದಲ ಹಂತಕ್ಕೆ, ಒಳಗಣ ಅಂಗಗಳನ್ನು ಬಿಗಿಯಾಗಿ ಕಟ್ಟಿದ ಇಎಫ್86 ವಾಲ್ವನ್ನು ಆರಿಸಿಕೊಂಡದ್ದು ಸುಮ್ಮನಲ್ಲ.

ಟ್ರಾನ್ಸ್‌ಫಾರ್ಮರಿನ ಉಪದ್ರವ ಇನ್ನೊಂದು ಬಗೆ. ನಮ್ಮ ಮನೆಯ ವಿದ್ಯುತ್ತು ಸೆಕೆಂಡಿಗೆ 50 ಆವರ್ತದ್ದು; ಕಬ್ಬಿಣದ ತಿರುಳು ಆವರ್ತಕ್ಕೆರಡು ಬಾರಿ ಹಿಗ್ಗಿ ಕುಗ್ಗಿ, 100 ಕಂಪನಗಳ ಗುಂಯ್‌ಕಾರ ಹೊರಡಿಸುತ್ತದೆ. ಒಂದನೆಯ ಮನೆಯ ಶ್ರುತಿಗೆ ಕೂಡಿಸಿದ ತಂಬೂರಿಯ ಮಂದ್ರಪಂಚಮ ಸುಮಾರು 98! ಶ್ರುತಿಶುದ್ಧಿಗಾಗಿ ಆಯುಷ್ಯ ಸವೆಸಿದ ಗಾಯಕನ ಪಕ್ಕದಲ್ಲಿ ಅಪಶ್ರುತಿಯ ಎರಡನೆಯ ತಂಬೂರಿ ಕುಳಿತಂತಾಯಿತು. ತಗಡುಗಳನ್ನು ಬಿಗಿದು, ವಾರ್ನಿಷಿನಲ್ಲಿ ಅದ್ದಿ, ರಬ್ಬರಿನ ಮೇಲೆ ಕೂರಿಸುವ ಶ್ರಮವೆಲ್ಲ ಇದಕ್ಕಾಗಿ.

ಟ್ರಾನ್ಸಿಸ್ಟರಿಗೆ ಅಲುಗಾಟದ ಬಾಧೆ ಬಹುಮಟ್ಟಿಗೆ ಇಲ್ಲ. ಆದರೂ ಅದಕ್ಕೆ ಬೆರಳುದಪ್ಪದ ಅಲ್ಯೂಮಿನಿಯಂ ಕವಚ ತೊಡಿಸಿ ದುಬಾರಿ ಬೆಲೆಗೆ ಮಾರುವುದು ನನಗೆ ಅರ್ಥವಿಲ್ಲದ ಪ್ರಾಸದಂತೆ ತೋರುತ್ತದೆ. ವಾಲ್ವಿನವರಾದರೋ ಪೆಟ್ಟಿಗೆಯನ್ನು ಸ್ಪೀಕರಿನ ಮೇಜಿನಿಂದ ಇಳಿಸಿ ಗೋಡೆಯ ಕಲ್ಲುಗೂಡಿನಲ್ಲಿಟ್ಟು ನೋಡಬಹುದು, ಖರ್ಚೇನೂ ಇಲ್ಲ.