ಅಡುಗೆ ಸೋಡ

ನಮ್ಮ ಅಡುಗೆಯ ಮನೆಗಳಲ್ಲಿ ಉಪ್ಪು, ಅರಿಸಿನ, ಮೆಣಸುಗಳ ಸಾಲಿನಲ್ಲಿ ಒಂದು ಪುಟ್ಟ ಡಬ್ಬಿಗೂ ಸ್ಥಳವುಂಟು. ಅದರಲ್ಲಿರುವ ನುಣ್ಣನೆಯ ಬಿಳಿಯ ಪುಡಿಯೇ ಅಡುಗೆ ಸೋಡ. ದಿನವೂ ಇದರ ಅಗತ್ಯ ಬೀಳುವುದಿಲ್ಲ. ಬಿದ್ದಾಗಲೂ ಒಂದು ಚಿಟಿಕೆಗಿಂತ ಹೆಚ್ಚು ಬೇಕಾಗುವುದಿಲ್ಲ. ಆದರೂ ಬೋಂಡವನ್ನು ಉಬ್ಬಿಸುವುದರಿಂದ ಹಿಡಿದು ಬೆಂಕಿಯನ್ನು ಆರಿಸುವವರೆಗೆ, ಹೊಟ್ಟೆಯ ಉರಿಯನ್ನು ತಣಿಸುವುದರಿಂದ ಹಿಡಿದು ಸಾವಿನ ದವಡೆಯಿಂದ ರೋಗಿಗಳನ್ನು ಪಾರುಮಾಡುವವರೆಗೆ ಇದರ ಸೇವೆ ಹಬ್ಬಿದೆ. ಒಂದೇ ವಸ್ತು ಇಷ್ಟು ಬಗೆಯ ಕೆಲಸಗಳನ್ನು ಹೇಗೆ ಮಾಡಬಲ್ಲದು? ಅದರ ರಾಸಾಯನಿಕ ಸ್ವಭಾವವನ್ನು ಅರಿತರೆ ಈ ಪ್ರಶ್ನೆಗೆ ಉತ್ತರ ದೊರೆಯುತ್ತದೆ.

ರಸಾಯನಶಾಸ್ತ್ರದಲ್ಲಿ ಅಡುಗೆ ಸೋಡಕ್ಕೆ ಸೋಡಿಯಂ ಬೈಕಾರ್ಬೊನೇಟು ಎಂದು ಹೆಸರು. ಸೋಡಿಯಂ, ಹೈಡ್ರೊಜನ್, ಕಾರ್ಬನ್ ಇವುಗಳ ಒಂದೊಂದು ಪರಮಾಣುವಿಗೆ ಆಕ್ಸಿಜನ್ನಿನ ಮೂರು ಪರಮಾಣುಗಳು ಸೇರಿ ಇದು ಆಗಿದೆ. ಸೋಡ ಎಂಬ ಹೆಸರನ್ನು ಹೊತ್ತ ಬೇರೆ ವಸ್ತುಗಳೂ ಇವೆ. ಕಾಸ್ಟಿಕ್ ಸೋಡ ಅತ್ಯಂತ ತೀಕ್ಷ್ಣವಾದುದು. ಚರ್ಮಕ್ಕೆ ತಗುಲಿದರೆ ಸುಟ್ಟು ಗಾಯ ಮಾಡುತ್ತದೆ. ಬಟ್ಟೆಯ ಕೊಳೆ ತೆಗೆಯುವ ವಾಷಿಂಗ್ ಸೋಡ, ಅಂದರೆ ಸೋಡಿಯಂ ಕಾರ್ಬೊನೇಟು, ಅಷ್ಟು ಉಗ್ರವಲ್ಲದಿದ್ದರೂ ತಿನ್ನಲು ಯೋಗ್ಯವಲ್ಲ. ಈ ಮೂರರಲ್ಲಿ ಅಡುಗೆ ಸೋಡವೇ ಸೌಮ್ಯವಾದುದು. ಆಮ್ಲತೆಯನ್ನೂ ಕ್ಷಾರತೆಯನ್ನೂ ಅಳೆಯುವ ಪಿ.ಎಚ್. ಮಾನದಲ್ಲಿ ಶುದ್ಧವಾದ ನೀರಿನ ಸ್ಥಾನ 7. ವಾಷಿಂಗ್ ಸೋಡದ ದ್ರಾವಣ 11ರ ಆಸುಪಾಸಿನಲ್ಲಿದ್ದರೆ, ಅಡುಗೆ ಸೋಡದ ದ್ರಾವಣ 8ನ್ನು ಸ್ವಲ್ಪವೇ ಮೀರುತ್ತದೆ. ಈ ಸೌಮ್ಯತೆಯೇ ಅದರ ದೊಡ್ಡ ಗುಣ. ಉಳಿದ ಕ್ಷಾರಗಳಿಗೆ ಪ್ರವೇಶವಿಲ್ಲದ ಕಡೆಗೆ ಅದು ಹೋಗಬಲ್ಲದು.

ಅಡುಗೆ ಸೋಡದ ಮೇಲೆ ಒಂದೆರಡು ಹನಿ ನಿಂಬೆಯ ರಸವನ್ನು ಹಾಕಿ ನೋಡಿರಿ. ಕೂಡಲೇ ಅದು ಬುರುಗುಟ್ಟುತ್ತದೆ. ಆಮ್ಲವು ತಗುಲಿದಾಗ ಸೋಡದಿಂದ ಇಂಗಾಲದ ಡೈಆಕ್ಸೈಡು ಅನಿಲವು ಹೊರಬರುವುದೇ ಇದಕ್ಕೆ ಕಾರಣ. ಆಮ್ಲವಿಲ್ಲದೆ, ಕೇವಲ ಶಾಖದಿಂದಲೂ ಈ ಅನಿಲವನ್ನು ಪಡೆಯಬಹುದು. 168 ಗ್ರಾಮು ಅಡುಗೆ ಸೋಡವನ್ನು ಚೆನ್ನಾಗಿ ಕಾಯಿಸಿದರೆ 44 ಗ್ರಾಮು ಇಂಗಾಲದ ಡೈಆಕ್ಸೈಡೂ 18 ಗ್ರಾಮು ನೀರಿನ ಆವಿಯೂ ಹೊರಟುಹೋಗಿ 106 ಗ್ರಾಮು ಸೋಡಿಯಂ ಕಾರ್ಬೊನೇಟು ಉಳಿಯುತ್ತದೆ. ಎಂದರೆ, ಕಾದ ಅಡುಗೆ ಸೋಡ ವಾಷಿಂಗ್ ಸೋಡವಾಗಿ ಮಾರ್ಪಡುತ್ತದೆ. ಹಿಟ್ಟಿಗೆ ಸೋಡ ಹೆಚ್ಚಾದಾಗ ತಿಂಡಿಗೆ ಸಾಬೂನಿನಂತಹ ಕಹಿ ರುಚಿ ಬರುವುದು ಇದರಿಂದಲೇ. ಅರಿಸಿನ ಬೆರೆತ ಹಿಟ್ಟಿನಲ್ಲಿ ಅಲ್ಲಲ್ಲಿ ಕೆಂಪು ಚುಕ್ಕೆಗಳು ಮೂಡಿದರೆ, ಅಲ್ಲಿ ಸೋಡ ಸರಿಯಾಗಿ ಬೆರೆಯದೆ ಕ್ಷಾರತೆ ಹೆಚ್ಚಾಗಿದೆಯೆಂದು ತಿಳಿಯಬೇಕು. ಅರಿಸಿನವು ಕ್ಷಾರವನ್ನು ತೋರಿಸಿಕೊಡುವ ಸೂಚಕವಾಗಿದೆ.

ಪಾಕಶಾಸ್ತ್ರವು ಈ ಎರಡು ಗುಣಗಳನ್ನೂ ಬಳಸಿಕೊಂಡಿದೆ. ಅಕ್ಕಿ ಉದ್ದುಗಳ ಇಡ್ಲಿಯ ಹಿಟ್ಟು ರಾತ್ರಿಯೆಲ್ಲ ಹುದುಗಿ ತಾನೇ ಉಬ್ಬುತ್ತದೆ. ರವೆ ಇಡ್ಲಿಗೆ ಅಷ್ಟು ಕಾಲ ಬೇಕಿಲ್ಲ. ಮೊಸರಿನಲ್ಲಿರುವ ಲ್ಯಾಕ್ಟಿಕ್ ಆಮ್ಲವು ಸೋಡದೊಡನೆ ಕೂಡಿ ಅನಿಲವನ್ನು ಬಿಡಿಸುತ್ತದೆ. ಆ ಅನಿಲದ ಗುಳ್ಳೆಗಳು ಹಬೆಯಲ್ಲಿ ಹಿಗ್ಗಿ ಇಡ್ಲಿಯನ್ನು ಹಗುರಗೊಳಿಸುತ್ತವೆ. ಇಂಗ್ಲೆಂಡಿನ ಆಲ್‌ಫ್ರೆಡ್ ಬರ್ಡ್ ಎಂಬ ರಸಾಯನಜ್ಞನ ಹೆಂಡತಿಗೆ ಹುದುಗುಕಾರಕವಾದ ಯೀಸ್ಟು ಒಗ್ಗುತ್ತಿರಲಿಲ್ಲ. ಆಕೆಗಾಗಿ ಅವನು 1843ರಲ್ಲಿ ಸೋಡಕ್ಕೆ ಒಣ ಆಮ್ಲವಸ್ತುವೊಂದನ್ನು ಬೆರೆಸಿ ಬೇಕಿಂಗ್ ಪೌಡರನ್ನು ಸಿದ್ಧಪಡಿಸಿದನು. ಈ ಮಿಶ್ರಣವು ಒಣಗಿರುವವರೆಗೆ ಸುಮ್ಮನಿದ್ದು, ನೀರು ಸೋಕಿದೊಡನೆ ಕ್ರಿಯಾಶೀಲವಾಗುತ್ತದೆ.

ಇಂತಹ ಸೋಡವನ್ನು ಸುಲಭ ಬೆಲೆಗೆ ದೊರಕಿಸಿದ ಕೀರ್ತಿ ಬೆಲ್ಜಿಯಂ ದೇಶದ ಅರ್ನೆಸ್ಟ್ ಸಾಲ್ವೆ ಎಂಬುವನದು. 1861ರಲ್ಲಿ ಅವನು ರೂಪಿಸಿದ ವಿಧಾನದಲ್ಲಿ, ಅಮೋನಿಯ ಬೆರೆತ ಉಪ್ಪುನೀರಿನೊಳಗೆ ಇಂಗಾಲದ ಡೈಆಕ್ಸೈಡನ್ನು ಹಾಯಿಸುತ್ತಾರೆ. ಆಗ ಸೋಡಿಯಂ ಬೈಕಾರ್ಬೊನೇಟು ಆ ದ್ರಾವಣದಲ್ಲಿ ಹೆಚ್ಚಾಗಿ ಕರಗದೆ ತಳದಲ್ಲಿ ನಿಲ್ಲುತ್ತದೆ. ಉಪ್ಪು, ಸುಣ್ಣದ ಕಲ್ಲುಗಳೇ ಇದಕ್ಕೆ ಮುಖ್ಯವಾದ ಕಚ್ಚಾ ಸಾಮಗ್ರಿಗಳು. ನಮ್ಮ ದೇಶದಲ್ಲಿ ಗುಜರಾತಿನ ಕಡಲ ತೀರದ ಮೀಠಾಪುರದಲ್ಲಿ 1939ರಲ್ಲಿ ಸ್ಥಾಪನೆಯಾದ ಟಾಟಾ ಕೆಮಿಕಲ್ಸ್ ಸಂಸ್ಥೆ ಈ ಉದ್ಯಮದಲ್ಲಿ ಹೆಸರಾಗಿದೆ.

ಬೆಂಕಿಯನ್ನು ಆರಿಸುವುದರಲ್ಲಿಯೂ ಸೋಡ ನೆರವಾಗುತ್ತದೆ. ಹಿಂದೆ ಬಳಕೆಯಲ್ಲಿದ್ದ ಒಂದು ಬಗೆಯ ಅಗ್ನಿಶಾಮಕ ಉಪಕರಣದಲ್ಲಿ ಸೋಡದ ದ್ರಾವಣವೂ ಸಲ್ಫ್ಯೂರಿಕ್ ಆಮ್ಲದ ಸೀಸೆಯೂ ಇರುತ್ತಿದ್ದವು. ಎರಡೂ ಬೆರೆತಾಗ ಹುಟ್ಟುವ ಅನಿಲದ ಒತ್ತಡ ನೀರನ್ನು ರಭಸದಿಂದ ಚಿಮ್ಮಿಸುತ್ತಿತ್ತು. ಈಗ ಒಣಪುಡಿಯ ಉಪಕರಣಗಳು ಬಂದಿವೆ. ಅವುಗಳಲ್ಲಿ ಕೆಲವಕ್ಕೆ ತುಂಬುವ ಪುಡಿ ಅಡುಗೆ ಸೋಡವೇ. ಬಾಣಲೆಯ ಎಣ್ಣೆಗೆ ಕಿಡಿ ಹತ್ತಿದಾಗ ನೀರು ಸುರಿದರೆ ಉರಿಯುವ ಎಣ್ಣೆ ಸಿಡಿದು ಅಪಾಯವಾಗುತ್ತದೆ. ಅದನ್ನು ಮುಚ್ಚಳದಿಂದ ಮುಚ್ಚಬೇಕು. ಜ್ವಾಲೆ ಚಿಕ್ಕದಾಗಿದ್ದರೆ ಸೋಡವನ್ನು ಧಾರಾಳವಾಗಿ ಎರಚಬಹುದು.

ಇದೇ ವಸ್ತುವಿಗೂ ನಮ್ಮ ದೇಹಕ್ಕೂ ನಿಕಟವಾದ ಸಂಬಂಧವಿದೆ. ನಮ್ಮ ರಕ್ತದ ಪಿ.ಎಚ್. ಸುಮಾರು 7.4. ಅದು ಸ್ವಲ್ಪ ಏರುಪೇರಾದರೂ ಜೀವಕ್ಕೆ ಕುತ್ತು. ಅದನ್ನು ಸಮಸ್ಥಿತಿಯಲ್ಲಿಡುವ ಕಾವಲುಗಾರರಲ್ಲಿ ಮುಖ್ಯವಾದುದು ರಕ್ತದಲ್ಲಿರುವ ಬೈಕಾರ್ಬೊನೇಟು. ಕಾಲರಾ ತಗುಲಿದವರಲ್ಲಿ ಭೇದಿಯೊಡನೆ ನೀರು, ಉಪ್ಪುಗಳಷ್ಟೇ ಅಲ್ಲ, ಈ ಬೈಕಾರ್ಬೊನೇಟೂ ಹರಿದುಹೋಗುತ್ತದೆ. ರಕ್ತದ ಆಮ್ಲತೆ ಹೆಚ್ಚುತ್ತದೆ.

1971ರಲ್ಲಿ ಬಾಂಗ್ಲಾದೇಶದ ವಿಮೋಚನೆಯ ಯುದ್ಧದ ಕಾಲಕ್ಕೆ ಲಕ್ಷಾಂತರ ನಿರಾಶ್ರಿತರು ಭಾರತಕ್ಕೆ ಬಂದರು. ಗಡಿಯ ಬಳಿಯ ಬೊಂಗಾಂವ್‌ನಲ್ಲಿ ಕಾಲರಾ ಹಬ್ಬಿತು. ಆಸ್ಪತ್ರೆಯಲ್ಲಿ ಮಲಗಲು ಸ್ಥಳವಿರಲಿಲ್ಲ. ರಕ್ತನಾಳಕ್ಕೆ ಏರಿಸುವ ದ್ರಾವಣವೂ ಸಾಲದಾಯಿತು. ಆಗ ದಿಲೀಪ ಮಹಲನಬಿಸ್ ಎಂಬ ವೈದ್ಯರು ಒಂದು ಲೀಟರು ನೀರಿಗೆ 22 ಗ್ರಾಮು ಗ್ಲೂಕೋಸು, 3.5 ಗ್ರಾಮು ಉಪ್ಪು, 2.5 ಗ್ರಾಮು ಅಡುಗೆ ಸೋಡ ಇವುಗಳನ್ನು ಬೆರೆಸಿ ರೋಗಿಗಳಿಗೆ ಕುಡಿಸುವ ಏರ್ಪಾಡು ಮಾಡಿದರು. ಗ್ಲೂಕೋಸು ಕರುಳು ಉಪ್ಪನ್ನೂ ನೀರನ್ನೂ ಹೀರಿಕೊಳ್ಳಲು ನೆರವಾಯಿತು. ಸೋಡವು ಆಮ್ಲತೆಯನ್ನು ತಗ್ಗಿಸಿತು. ರೋಗಿಗಳ ಬಂಧುಗಳೇ ಇದನ್ನು ಲೋಟಗಳಲ್ಲಿ ಕುಡಿಸಿದರು. ನೂರಕ್ಕೆ ಸುಮಾರು 30ರಷ್ಟಿದ್ದ ಸಾವು 4ಕ್ಕಿಂತ ಕೆಳಗೆ ಇಳಿಯಿತು. ಮುಂದೆ ಲೋಕದ ಎಲ್ಲೆಡೆಯೂ ಇಂತಹ ಪೊಟ್ಟಣಗಳು ಬಳಕೆಗೆ ಬಂದವು. ಸೆಕೆ, ತೇವಗಳಲ್ಲಿ ಸೋಡವಿರುವ ಪೊಟ್ಟಣ ಬೇಗ ಕೆಡುವುದರಿಂದ 1984ರಲ್ಲಿ ಅದಕ್ಕೆ ಬದಲಾಗಿ ಸಿಟ್ರೇಟು ಲವಣವನ್ನು ಸೇರಿಸುವುದು ರೂಢಿಯಾಯಿತು. ಮಹಲನಬಿಸ್ ಅವರಿಗೆ 2023ರಲ್ಲಿ ಮರಣೋತ್ತರವಾಗಿ ಪದ್ಮವಿಭೂಷಣ ಪ್ರಶಸ್ತಿ ಸಂದಿತು.

ಸೌಮ್ಯವೆಂದ ಮಾತ್ರಕ್ಕೆ ಸೋಡವನ್ನು ಅಳತೆಯಿಲ್ಲದೆ ಬಳಸಬಾರದು. ಬೇಳೆಕಾಳು ಬೇಗ ಬೇಯಲೆಂದು ಸೋಡ ಹಾಕಿದರೆ ಥಯಾಮಿನ್ ಎಂಬ ಜೀವಸತ್ವ ನಾಶವಾಗುತ್ತದೆ. ಹೊಟ್ಟೆಯುರಿಗೆ ಸೋಡದ ನೀರು ಕುಡಿದರೆ ಜಠರದ ಹೈಡ್ರೊಕ್ಲೋರಿಕ್ ಆಮ್ಲ ಉಪಶಮನವಾಗಿ ತೇಗು ಬರುವುದು ನಿಜ. ಆದರೆ ವೈದ್ಯರ ಸಲಹೆಯಿಲ್ಲದೆ ಇದನ್ನು ಅಭ್ಯಾಸ ಮಾಡಿಕೊಳ್ಳಬಾರದು. ರಕ್ತದ ಒತ್ತಡವುಳ್ಳವರಿಗೆ ಇದರಲ್ಲಿರುವ ಸೋಡಿಯಂ ಹಾನಿಕರ. ವಾಷಿಂಗ್ ಸೋಡವೂ ನೋಟಕ್ಕೆ ಬಿಳಿಯ ಪುಡಿಯೇ ಆದುದರಿಂದ ಡಬ್ಬಿಗಳ ಮೇಲೆ ಹೆಸರು ಬರೆದಿಡುವುದು ಒಳ್ಳೆಯದು. ಬೊಂಗಾಂವ್‌ನಲ್ಲಿ ಲೀಟರಿಗೆ ಎರಡೂವರೆ ಗ್ರಾಮು ಎಂದು ತೂಗಿ ಬೆರೆಸಿದುದರಿಂದಲೇ ಸೋಡ ಔಷಧವಾಯಿತು. ವಸ್ತುವಿನ ಗುಣವನ್ನು ತಿಳಿಯುವುದರ ಜೊತೆಗೆ ಅದರ ಪ್ರಮಾಣವನ್ನು ತಿಳಿಯುವುದೂ ವಿಜ್ಞಾನದ ಭಾಗವೇ ಆಗಿದೆ.