ವೈಲ್ಡರ್‌ನೆಸ್ ಥೆರಪಿ: ಬಯಲಲ್ಲೇ ನಡೆಯುವ ವೃತ್ತಿ

ಖಿನ್ನತೆ, ಆತಂಕ, ಮಾದಕ ವ್ಯಸನಗಳಿಗೆ ಸಿಕ್ಕಿಕೊಂಡ ಹದಿಹರೆಯದವರನ್ನೂ ಇಪ್ಪತ್ತರ ಆಸುಪಾಸಿನವರನ್ನೂ ಎರಡು ಮೂರು ತಿಂಗಳು ಕಾಡಿನಲ್ಲೋ ಮರುಭೂಮಿಯಲ್ಲೋ ಇರಿಸಿ, ಅಲ್ಲಿಯೇ ಆಪ್ತಸಮಾಲೋಚನೆ ನಡೆಸುವ ಪದ್ಧತಿಗೆ ವೈಲ್ಡರ್‌ನೆಸ್ ಥೆರಪಿ ಎಂದು ಹೆಸರು. ಅದು ಬೇರೂರಿದ್ದು ಅಮೆರಿಕದ ಯೂಟಾ ರಾಜ್ಯದಲ್ಲಿ. 1960ರ ದಶಕದ ಕೊನೆಯಲ್ಲಿ ಬ್ರಿಗಮ್ ಯಂಗ್ ವಿಶ್ವವಿದ್ಯಾಲಯದ ಲ್ಯಾರಿ ಡೀನ್ ಓಲ್ಸನ್, ಓದಿನಲ್ಲಿ ಸೋತ ವಿದ್ಯಾರ್ಥಿಗಳನ್ನು ಮರುಭೂಮಿಗೆ ಕರೆದೊಯ್ದು, ಕೈಗೆ ಸಿಕ್ಕಿದ್ದರಲ್ಲಿ ಬದುಕುವುದನ್ನು ಕಲಿಸಿದರು. ಕರ್ಟ್ ಹಾನ್ 1941ರಲ್ಲಿ ವೇಲ್ಸ್‌ನಲ್ಲಿ ಆರಂಭಿಸಿದ ಔಟ್‌ವರ್ಡ್ ಬೌಂಡ್ ಶಾಲೆಯ ಪ್ರೇರಣೆಯೂ ಈ ಪದ್ಧತಿಗಿದೆ. ಪರವಾನಗಿ ಪಡೆದ ಮನೋಚಿಕಿತ್ಸಕರು ಜೊತೆಗೂಡಿದ್ದು ಆಮೇಲೆ.

ಇಲ್ಲಿ ಮುಖ್ಯವಾಗಿ ಎರಡು ಹುದ್ದೆಗಳಿವೆ. ಥೆರಪಿಸ್ಟ್ ಆಗಲು ಸಮಾಜಕಾರ್ಯದಲ್ಲೋ ಆಪ್ತಸಮಾಲೋಚನೆಯಲ್ಲೋ ಸ್ನಾತಕೋತ್ತರ ಪದವಿಯ ಜೊತೆಗೆ ರಾಜ್ಯದ ಲೈಸೆನ್ಸ್ ಬೇಕು. ಕೊಲೊರಾಡೊದ ನರೋಪ ವಿಶ್ವವಿದ್ಯಾಲಯ, ಅರಿಜೋನಾದ ಪ್ರೆಸ್ಕಾಟ್ ಕಾಲೇಜು ಈ ದಾರಿಗೆ ಹೆಸರಾದವು. ಥೆರಪಿಸ್ಟ್ ವಾರಕ್ಕೆ ಒಂದೆರಡು ದಿನ ಬಿಡಾರಕ್ಕೆ ಬಂದು, ಒಬ್ಬೊಬ್ಬರನ್ನೂ ಮರದ ನೆರಳಲ್ಲಿ ಕೂರಿಸಿಕೊಂಡು ಮಾತಾಡಿಸಿ, ತಂದೆ ತಾಯಿಗೆ ಫೋನ್ ಮಾಡಿ ಪರಿಸ್ಥಿತಿ ತಿಳಿಸುತ್ತಾರೆ.

ಉಳಿದ ದಿನಗಳೆಲ್ಲ ಫೀಲ್ಡ್ ಗೈಡ್‌ಗಳವು. ಸಾಮಾನ್ಯವಾಗಿ ಎಂಟು ದಿನ ಬಯಲಲ್ಲಿ ದುಡಿದರೆ ಆರು ದಿನ ರಜೆ. ಅಡುಗೆ, ನೀರು, ನಡಿಗೆ, ಜಗಳ, ಅಳು ಎಲ್ಲವನ್ನೂ ಅವರೇ ನೋಡಿಕೊಳ್ಳಬೇಕು. ರಾತ್ರಿ ಯಾರೂ ಓಡಿಹೋಗದಂತೆ ಎಲ್ಲರ ಬೂಟುಗಳನ್ನು ಗೈಡ್‌ಗಳು ತೆಗೆದಿಟ್ಟುಕೊಳ್ಳುವುದುಂಟು. ಹೊಸಬರು ಪೊದೆಯ ಹಿಂದೆ ಶೌಚಕ್ಕೆ ಹೋದಾಗ ತಮ್ಮ ಹೆಸರನ್ನು ಕೂಗುತ್ತಲೇ ಇರಬೇಕು. ದನಿ ನಿಂತರೆ ಗೈಡ್ ಎದ್ದು ಹೋಗಿ ನೋಡುತ್ತಾರೆ. ಚಿಕಿತ್ಸೆಯ ಬಹುಭಾಗ ನಡೆಯುವುದು ಇವರ ಕೈಯಲ್ಲೇ. ಆದರೂ ಸಂಬಳ ಕಡಿಮೆ, ಮನ್ನಣೆ ಇನ್ನೂ ಕಡಿಮೆ. ಹಲವರು ಒಂದೆರಡು ವರ್ಷಕ್ಕೇ ದಣಿದು ಬಿಟ್ಟುಹೋಗುತ್ತಾರೆ.

ಬೆಂಕಿ ಹೊತ್ತಿಸುವುದು ಈ ಬಿಡಾರಗಳ ದೊಡ್ಡ ಪಾಠ. ಯಜ್ಞಶಾಲೆಯಲ್ಲಿ ಅರಣಿ ಕಡೆಯುವುದನ್ನು ಕಂಡವರಿಗೆ ಈ ಕ್ರಮ ಪರಿಚಿತವೇ. ದಾರ ಬಿಗಿದ ಬಿಲ್ಲಿನಿಂದ ಕಡ್ಡಿಯನ್ನು ಹಲಗೆಯ ಗುಳಿಯಲ್ಲಿ ಗರಗರ ತಿರುಗಿಸಿದಾಗ ಕಪ್ಪು ಪುಡಿ ಉದುರಿ, ಹೊಗೆಯಾಡಿ, ಕೊನೆಗೆ ಸಣ್ಣ ಕಿಡಿ ಹಿಡಿಯುತ್ತದೆ. ಅದನ್ನು ಜೂನಿಪರ್ ಮರದ ನಾರಿನ ಗೂಡಿಗೆ ಹಾಕಿ ಊದಬೇಕು. ಮೊದಲ ದಿನಗಳಲ್ಲಿ ಹೊಗೆ ಬರುತ್ತದೆ, ಕಿಡಿ ಹಿಡಿಯುವುದಿಲ್ಲ. ಹುಡುಗ ಬಿಲ್ಲನ್ನು ಬಿಸಾಡುತ್ತಾನೆ. ಬಲ್ಲ ಗೈಡ್ ಆಗ ಬೆಂಕಿಪೊಟ್ಟಣ ತೆಗೆಯುವುದಿಲ್ಲ, ಬುದ್ಧಿವಾದವನ್ನೂ ಹೇಳುವುದಿಲ್ಲ. ಪಕ್ಕದಲ್ಲಿ ಕೂತು, ಮನೆಯಲ್ಲಿ ಹೀಗೆ ಸಿಟ್ಟು ಬಂದಾಗ ಏನಾಗುತ್ತಿತ್ತು ಎಂದು ಕೇಳುತ್ತಾರೆ. ಎಷ್ಟೋ ಮಕ್ಕಳು ಬಾಯಿ ಬಿಡುವುದು ಇಂಥ ಹೊತ್ತಿನಲ್ಲಿ.

ಈ ಕ್ಷೇತ್ರದಲ್ಲಿ ಸಾವುಗಳೂ ಆಗಿವೆ. 1990ರಲ್ಲಿ ಯೂಟಾ ಮೂಲದ ಎರಡು ಶಿಬಿರಗಳಲ್ಲಿ ಇಬ್ಬರು ಹುಡುಗಿಯರು ಬಿಸಿಲು, ನಿರ್ಜಲೀಕರಣಕ್ಕೆ ಬಲಿಯಾದರು. 1994ರಲ್ಲಿ 16 ವರ್ಷದ ಹುಡುಗನೊಬ್ಬ ವಾರಗಟ್ಟಲೆ ಹೊಟ್ಟೆನೋವೆಂದು ನರಳಿದ. ಸಿಬ್ಬಂದಿ ಅದನ್ನು ನಾಟಕವೆಂದುಕೊಂಡರು. ಹೊಟ್ಟೆಯ ಹುಣ್ಣು ಒಡೆದು ಅವನು ಸತ್ತ. ಮಗು ನೋವೆಂದಾಗ ನಂಬಿ, ತಕ್ಷಣ ಮೇಲಿನವರಿಗೆ ತಿಳಿಸುವುದೇ ಗೈಡ್‌ನ ಮೊದಲ ಕರ್ತವ್ಯ ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕಿಲ್ಲ. ಆಸ್ಪತ್ರೆ ದೂರವಿರುವ ಕಡೆ ಪ್ರಥಮ ಚಿಕಿತ್ಸೆ ನೀಡುವುದನ್ನು ಕಲಿಸುವ, ಸುಮಾರು 80 ಗಂಟೆಗಳ ವೈಲ್ಡರ್‌ನೆಸ್ ಫಸ್ಟ್ ರೆಸ್ಪಾಂಡರ್ ತರಬೇತಿಯನ್ನು ಅನೇಕ ಸಂಸ್ಥೆಗಳು ಕೇಳುತ್ತವೆ.

ಒಪ್ಪಿಗೆಯ ಪ್ರಶ್ನೆ ಇನ್ನೂ ಕಠಿಣ. ತಂದೆ ತಾಯಿ ಹಣ ಕೊಟ್ಟು ನೇಮಿಸಿದ ಅಪರಿಚಿತರು ನಸುಕಿನಲ್ಲಿ ಮಲಗುವ ಕೋಣೆಗೇ ಬಂದು ಎಬ್ಬಿಸಿ ಕರೆದೊಯ್ದ ಮಕ್ಕಳು ಅನೇಕರು. ದೊಡ್ಡವರಾದ ಮೇಲೂ ಆ ಭಯ ಬಿಟ್ಟಿಲ್ಲ ಎಂದು ಅವರಲ್ಲಿ ಹಲವರು ಬಹಿರಂಗವಾಗಿ ಹೇಳಿದ್ದಾರೆ. ಯೂಟಾ 2021ರಲ್ಲಿ ಇಂಥ ಸಂಸ್ಥೆಗಳ ಮೇಲಿನ ಕಾನೂನನ್ನು ಬಿಗಿಗೊಳಿಸಿತು. 2024ರ ಫೆಬ್ರವರಿಯಲ್ಲಿ ನಾರ್ತ್ ಕೆರೊಲಿನಾದ ಶಿಬಿರವೊಂದರಲ್ಲಿ 12 ವರ್ಷದ ಬಾಲಕ ಮೊದಲ ರಾತ್ರಿಯೇ ಉಸಿರುಗಟ್ಟಿ ಸತ್ತ. ರಾಜ್ಯ ಸರ್ಕಾರ ಆ ಶಿಬಿರದ ಪರವಾನಗಿ ರದ್ದುಮಾಡಿತು. ಅದೇ ವರ್ಷದ ಡಿಸೆಂಬರ್‌ನಲ್ಲಿ ಸಾಂಸ್ಥಿಕ ಬಾಲದೌರ್ಜನ್ಯ ತಡೆಯುವ ಫೆಡರಲ್ ಕಾಯ್ದೆ ಬಂತು. ಈಚಿನ ವರ್ಷಗಳಲ್ಲಿ ಹೆಸರುವಾಸಿ ಶಿಬಿರಗಳೂ ಬಾಗಿಲು ಮುಚ್ಚಿವೆ.

ಹಾಗಾಗಿ ಕೆಲಸ ಅರಸುವವರ ಪಾಲಿಗೆ 18 ದಾಟಿದ, ತಾವೇ ಸಹಿ ಹಾಕಿ ಸೇರುವ ಯುವಜನರ ಶಿಬಿರಗಳೇ ಹೆಚ್ಚು ನೆಮ್ಮದಿಯ ಜಾಗ. ಎಲ್ಲಿಗೇ ಅರ್ಜಿ ಹಾಕಲಿ, ಮೊದಲು ವಿಚಾರಿಸಬೇಕಾದ ಸಂಗತಿಗಳಿವೆ: ಒಬ್ಬ ಗೈಡ್‌ಗೆ ಎಷ್ಟು ಮಕ್ಕಳು, ಹತ್ತಿರದ ಆಸ್ಪತ್ರೆ ಎಷ್ಟು ದೂರ, ಮಕ್ಕಳು ತಂದೆ ತಾಯಿಗೆ ಬರೆದ ಪತ್ರ ತಿದ್ದುಪಡಿಯಿಲ್ಲದೆ ತಲುಪುತ್ತದೆಯೇ, ಬಲವಂತದಿಂದ ಕರೆತಂದವರನ್ನು ಆ ಶಿಬಿರ ಸೇರಿಸಿಕೊಳ್ಳುತ್ತದೆಯೇ.