ಹಿಮ ಬಿದ್ದ ದಿನದ ಮನೆಶಾಲೆ

ಕ್ರಿಸ್ತಜಯಂತಿ ಸಮೀಪಿಸುತ್ತಿದ್ದಂತೆ ಅಮೆರಿಕ, ಕೆನಡಾ ದೇಶಗಳಲ್ಲಿ ನೆಲೆಸಿರುವ ನಮ್ಮ ಬಂಧುಗಳಿಂದ ಬರುವ ಚಿತ್ರಗಳಲ್ಲಿ ಹಿಮ ತಪ್ಪದೆ ಇರುತ್ತದೆ. ಗೋದಲಿಯ ಮಾಡಿನ ಮೇಲೆ ಹತ್ತಿ ಹರಡಿ ಅದನ್ನೇ ಹಿಮವೆಂದು ಭಾವಿಸುವ ನಮಗೆ ಮೊಣಕಾಲುದ್ದದ ಹಿಮದಲ್ಲಿ ಬಿದ್ದೆದ್ದು ನಗುವ ಮಕ್ಕಳನ್ನು ಕಂಡರೆ ಕಣ್ಣು ತಂಪಾಗುತ್ತದೆ. (ಹಿಮವನ್ನು ಕಾಣದ ನಾಡೂ ಹಿಮವನ್ನು ಪ್ರೀತಿಸಬಲ್ಲದು, ತೂತ್ತುಕುಡಿಯ ಸುಡುಬಿಸಿಲ ಕಡಲತೀರದಲ್ಲಿ ಹಿಮಮಾತೆಯ ಬೆಸಿಲಿಕವಿದೆ, ಪ್ರತಿವರ್ಷ ಆಗಸ್ಟ್ 5ರಂದು ಅಲ್ಲಿ ಜನಸಾಗರ ನೆರೆಯುತ್ತದೆ.) ಆದರೆ ಆ ದೇಶಗಳಲ್ಲಿ ಹೀಗೆ ಹಿಮದಲ್ಲಿ ಆಡುವ ಮಕ್ಕಳಲ್ಲಿ ಒಂದು ಪಾಲು ಶಾಲೆಗೇ ಹೋಗುವವರಲ್ಲ, ಅವರ ಮನೆಯೇ ಅವರ ಶಾಲೆ ಎಂಬ ಸಂಗತಿ ನಮ್ಮ ಓದುಗರಲ್ಲಿ ಅನೇಕರಿಗೆ ಸೋಜಿಗವೆನಿಸೀತು.

ನಮ್ಮಲ್ಲಿ ಮನೆಪಾಠವೆಂದರೆ ಶಾಲೆ ಬಿಟ್ಟ ಮೇಲೆ ಇನ್ನೊಬ್ಬರ ಮನೆಗೆ ಪುಸ್ತಕದ ಚೀಲ ಹೊತ್ತು ಓಡುವುದು. ಅಲ್ಲಿನ ಮನೆಶಾಲೆ ಅದಲ್ಲ. ತಂದೆತಾಯಿಗಳೇ ತಮ್ಮ ಮಕ್ಕಳ ಪೂರ್ಣಕಾಲದ ಗುರುಗಳು. 1993ರ ವೇಳೆಗೆ ಅಮೆರಿಕದ ಐವತ್ತೂ ರಾಜ್ಯಗಳಲ್ಲಿ ಇದು ಕಾನೂನುಬದ್ಧವಾಯಿತು. ಇದರ ಹಿಂದೆ ನಮ್ಮವರ ಪಾಲೂ ಇದೆ ಎಂಬುದು ಸ್ಮರಣೀಯ. ಮಕ್ಕಳೆಲ್ಲರೂ ಸರ್ಕಾರಿ ಶಾಲೆಗೇ ಹೋಗತಕ್ಕದ್ದು ಎಂದು ಆರೆಗಾನ್ ರಾಜ್ಯವು 1922ರಲ್ಲಿ ಅಂಗೀಕರಿಸಿದ ಕಾನೂನನ್ನು ಕನ್ಯಾಸ್ತ್ರೀಯರ ಸಭೆಯೊಂದು ನ್ಯಾಯಾಲಯದಲ್ಲಿ ಪ್ರಶ್ನಿಸಿತು. 1925ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟು ಆ ಕಾನೂನನ್ನು ತಳ್ಳಿಹಾಕಿ, ಮಗುವಿನ ಶಿಕ್ಷಣವನ್ನು ನಿರ್ದೇಶಿಸುವ ಹಕ್ಕು ಹೆತ್ತವರದೆಂದು ಎತ್ತಿಹಿಡಿಯಿತು. ದ್ವಿತೀಯ ವ್ಯಾಟಿಕನ್ ಮಹಾಸಭೆಯು 1965ರಲ್ಲಿ ಶಿಕ್ಷಣವನ್ನು ಕುರಿತು ಹೊರಡಿಸಿದ ಘೋಷಣೆಯೂ ತಂದೆತಾಯಿಗಳನ್ನೇ ಮಕ್ಕಳ ಪ್ರಥಮ ಹಾಗೂ ಪ್ರಧಾನ ಶಿಕ್ಷಕರೆಂದು ಕರೆದಿದೆ. ಅದೇ ಘೋಷಣೆ ಶಾಲೆಯ ಮಹತ್ವವನ್ನೂ ಸಾರಿದೆ ಎಂಬುದನ್ನು ಮನೆಶಾಲೆಯ ಅತ್ಯುತ್ಸಾಹಿಗಳು ಕೆಲವೊಮ್ಮೆ ಮರೆಯುತ್ತಾರೆ. ಆ ಮಾತು ಹಾಗಿರಲಿ.

ಹಿಮದ ಮಾತಿಗೆ ಬರೋಣ. ರಾತ್ರಿಯೆಲ್ಲ ಹಿಮ ಸುರಿದು ದಾರಿಗಳು ಮುಚ್ಚಿದಾಗ ಅಲ್ಲಿನ ಶಾಲೆಗಳಿಗೆ ರಜೆ. ಮಳೆಗಾಲದಲ್ಲಿ ಜಿಲ್ಲಾಧಿಕಾರಿಗಳ ರಜೆಯ ಪ್ರಕಟಣೆಗೆ ನಮ್ಮ ಕರಾವಳಿಯ ಮಕ್ಕಳು ಕಾಯುವಂತೆಯೇ ಅಲ್ಲಿನ ಮಕ್ಕಳು ಮುಂಜಾನೆಯೇ ಎದ್ದು ಕಿವಿ ನಿಮಿರಿಸಿ ಕುಳಿತಿರುತ್ತಾರೆ. ಮನೆಯಲ್ಲೇ ಕಲಿಯುವ ಮಕ್ಕಳಿಗಾದರೋ ದಾರಿ ಮುಚ್ಚಿದರೇನು, ತೆರೆದಿದ್ದರೇನು? ಅಡುಗೆಮನೆಯ ಮೇಜಿನ ಮೇಲೆ ಗಣಿತದ ಪುಸ್ತಕ ಎಂದಿನಂತೆಯೇ ತೆರೆದಿರುತ್ತದೆ. ಕಿಟಕಿಯಾಚೆ ನೆರೆಮನೆಯ ಮಕ್ಕಳ ಕೇಕೆ ಕೇಳಿಸುತ್ತಿರುವಾಗ ಪುಸ್ತಕ ಮುಚ್ಚಬೇಕೆ, ಬೇಡವೆ ಎಂದು ತೀರ್ಮಾನಿಸಬೇಕಾದವಳು ತಾಯಿ. ಈ ಸಣ್ಣ ತೀರ್ಮಾನದಲ್ಲಿ ದೊಡ್ಡ ಪ್ರಶ್ನೆಯೊಂದು ಅಡಗಿದೆ ಎಂದು ನಮಗೆ ತೋರುತ್ತದೆ: ಬಿಡುವು ಕಲಿಕೆಯ ವಿರೋಧಿಯೋ, ಕಲಿಕೆಯ ತಾಯಿಯೋ?

ಶಾಲೆಯನ್ನು ಸೂಚಿಸುವ ‘ಸ್ಕೂಲ್’ ಎಂಬ ಪದದ ಮೂಲವು ‘ಸ್ಕೋಲೆ’ ಎಂಬ ಗ್ರೀಕ್ ಪದ. ಅದರ ಅರ್ಥ ಬಿಡುವು. ಯುದ್ಧದಿಂದ ಜರ್ಜರಿತವಾದ ಜರ್ಮನಿಯಲ್ಲಿ ಎಲ್ಲರೂ ದುಡಿಮೆಯೊಂದನ್ನೇ ಜಪಿಸುತ್ತಿದ್ದಾಗ, ಯೋಸೆಫ್ ಪೀಪರ್ ಎಂಬ ಕಥೋಲಿಕ ತತ್ತ್ವಜ್ಞಾನಿ 1948ರಲ್ಲಿ ಬಿಡುವೇ ಸಂಸ್ಕೃತಿಯ ಬುನಾದಿಯೆಂದು ವಾದಿಸಿ ಒಂದು ಕಿರುಗ್ರಂಥವನ್ನು ಪ್ರಕಟಿಸಿದ. ಸೋಮಾರಿತನ ಬೇರೆ, ಬಿಡುವು ಬೇರೆ. ಕಣ್ಣೆದುರು ಇರುವುದನ್ನು ಅದರ ಪಾಡಿಗೆ ಇರಗೊಟ್ಟು ನೋಡಬಲ್ಲ ಮನಸ್ಸಿನ ನೆಮ್ಮದಿಯೇ ಬಿಡುವು ಎಂಬುದು ಅವನ ವಾದದ ತಿರುಳು. ಇಂದು ಹಿಮದ ರಜೆಯೂ ಉಳಿಯುವ ಭರವಸೆಯಿಲ್ಲ. ನ್ಯೂಯಾರ್ಕ್ ನಗರದ ಸರ್ಕಾರಿ ಶಾಲೆಗಳು 2024ರ ಫೆಬ್ರವರಿ 13ರಂದು ಹಿಮ ಸುರಿದಾಗ ರಜೆ ಕೊಡದೆ, ಮನೆಯಿಂದಲೇ ಕಂಪ್ಯೂಟರಿನ ಮುಂದೆ ಕುಳಿತು ಪಾಠ ಕೇಳುವಂತೆ ಮಕ್ಕಳಿಗೆ ವಿಧಿಸಿದವು. ಬೆಳಗ್ಗೆ ಅನೇಕರಿಗೆ ಆ ಪಾಠದೊಳಗೆ ಪ್ರವೇಶವೇ ಸಿಗಲಿಲ್ಲ. ಆ ಮಕ್ಕಳ ಪಾಲಿಗೆ ಅದು ವರವೇ ಆಗಿದ್ದಿರಬಹುದು.

ಮನೆಶಾಲೆಯೂ ಹಿಮವೂ ಕೂಡಿದಾಗ ಏನಾಗಬಲ್ಲದು ಎಂಬುದಕ್ಕೆ ಅಮೆರಿಕದ ವರ್ಮಾಂಟ್ ರಾಜ್ಯದ ಒಬ್ಬ ರೈತನ ಮಗನಿಗಿಂತ ಉತ್ತಮ ನಿದರ್ಶನ ನಮಗೆ ಸಿಕ್ಕಿಲ್ಲ. ಅವನ ಹೆಸರು ವಿಲ್ಸನ್ ಬೆಂಟ್ಲಿ. ಹುಟ್ಟಿದ್ದು 1865ರ ಫೆಬ್ರವರಿ 9ರಂದು, ಜೆರಿಕೋ ಎಂಬ ಹಳ್ಳಿಯ ಹೊರವಲಯದ ಹೊಲಮನೆಯಲ್ಲಿ. ಹೆಸರು ಬೈಬಲಿನ ಯೆರಿಕೋವಿನದೇ. ಆದರೆ ಖರ್ಜೂರದ ಆ ಬಿಸಿಲ ಪಟ್ಟಣಕ್ಕೂ ಚಳಿಗಾಲದ ತಿಂಗಳುಗಳೆಲ್ಲ ಹಿಮದಲ್ಲಿ ಹೂತಿರುವ ಈ ಹಳ್ಳಿಗೂ ಹೆಸರಿನ ಹೊರತು ಬೇರೆ ಸಾಮ್ಯವಿಲ್ಲ. ತಾಯಿ ಫ್ಯಾನಿ ಮದುವೆಗೆ ಮುನ್ನ ಶಾಲೆಯಲ್ಲಿ ಉಪಾಧ್ಯಾಯಿನಿಯಾಗಿದ್ದವಳು. ಹದಿನಾಲ್ಕು ವರ್ಷ ತುಂಬುವವರೆಗೆ ಮಗನಿಗೆ ಅವಳೇ ಗುರು, ಮನೆಯೇ ಶಾಲೆ. ಮನೆಯಲ್ಲಿದ್ದ ವಿಶ್ವಕೋಶದ ಸಂಪುಟಗಳನ್ನು ಹುಡುಗ ಓದಿ ಮುಗಿಸಿದ್ದ. ಹದಿನೈದನೆಯ ವಯಸ್ಸಿನಲ್ಲಿ, ತಾನು ಪಾಠ ಹೇಳುವಾಗ ಬಳಸುತ್ತಿದ್ದ ಹಳೆಯ ಸೂಕ್ಷ್ಮದರ್ಶಕವೊಂದನ್ನು ತಾಯಿ ಅವನ ಕೈಗಿತ್ತಳು.

ಅದರಡಿಯಲ್ಲಿ ಹುಡುಗ ನೀರಹನಿ, ಹೂದಳ, ಹಕ್ಕಿಯ ಗರಿ ಎಲ್ಲವನ್ನೂ ಇಟ್ಟು ನೋಡಿದ. ಆದರೆ ಅವನ ಮನಸ್ಸು ನೆಟ್ಟದ್ದು ಹಿಮದ ಹರಳಿನಲ್ಲಿ. ಆರು ಎಸಳಿನ ಆ ಅಚ್ಚರಿಯನ್ನು ಕಾಗದದ ಮೇಲೆ ಬರೆದಿಡಲು ಹೊರಟರೆ, ಅರ್ಧ ಬರೆಯುವಷ್ಟರಲ್ಲಿ ಹರಳು ಕರಗಿ ನೀರಾಗುತ್ತಿತ್ತು. ಚಳಿಗಾಲಗಳು ಹೀಗೆಯೇ ಕಳೆದವು. ಸೂಕ್ಷ್ಮದರ್ಶಕಕ್ಕೆ ಕ್ಯಾಮರಾ ಜೋಡಿಸಬಹುದೆಂದು ಅವನು ಓದಿದ್ದ. ಅದಕ್ಕೆ 100 ಡಾಲರು ಬೇಕು. ಹಸು ಕಟ್ಟಿ ಹಾಲು ಕರೆದು ಬದುಕುವ ರೈತನಿಗೆ ಅದು ಅಂದಿನ ದಿನಗಳಲ್ಲಿ ಸಣ್ಣ ಮೊತ್ತವಲ್ಲ. ಹುಡುಗನ ಹುಚ್ಚಿಗೆ ಇಷ್ಟು ಹಣವೇ ಎಂದು ತಂದೆ ಗೊಣಗಿದ. ತಾಯಿ ಹೇಗೋ ಒಪ್ಪಿಸಿದಳು. ಹಣ ಕೊಟ್ಟನಾದರೂ ಅದು ಸಾರ್ಥಕವಾಯಿತೆಂದು ತಂದೆಗೆ ಕಡೆಯವರೆಗೂ ಅನ್ನಿಸಲಿಲ್ಲವೆಂದು ಮಗನೇ ಮುಂದೆ ಹೇಳಿಕೊಂಡಿದ್ದಾನೆ. ನಾವು ಆ ತಂದೆಯನ್ನು ದೂರಲಾರೆವು. ನಂಬಿಕೆಯಿಲ್ಲದೆಯೂ ಮಗನಿಗಾಗಿ ಗಂಟು ಬಿಚ್ಚಿದ ತಂದೆಯಂದಿರು ನಮ್ಮ ಧರ್ಮಕೇಂದ್ರಗಳಲ್ಲೂ ಇದ್ದಾರೆ. ಅವರ ಹೆಸರನ್ನು ಯಾರೂ ಎಲ್ಲೂ ಬರೆದಿಡುವುದಿಲ್ಲ.

1885ರ ಜನವರಿ 15ರಂದು, ಇಪ್ಪತ್ತು ತುಂಬುವ ಮೊದಲೇ, ಬೆಂಟ್ಲಿ ಹಿಮದ ಒಂಟಿ ಹರಳಿನ ಛಾಯಾಚಿತ್ರವನ್ನು ಸೆರೆಹಿಡಿದ.  ಅವನ ಪ್ರಯೋಗಶಾಲೆಯೋ ಬೆಂಕಿಯಿಲ್ಲದ ಒಂದು ಸೌದೆಕೊಟ್ಟಿಗೆ. ಕಪ್ಪು ಹಲಗೆಯ ಮೇಲೆ ಹಿಮವನ್ನು ಹಿಡಿಯುವುದು, ಪೊರಕೆಯ ಕಡ್ಡಿಯಿಂದ ಒಂದು ಹರಳನ್ನು ಎತ್ತಿ ಗಾಜಿನ ಮೇಲಿಡುವುದು, ಹಕ್ಕಿಯ ಗರಿಯಿಂದ ಮೆಲ್ಲಗೆ ಒತ್ತುವುದು. ಇಷ್ಟೂ ಹೊತ್ತು ಉಸಿರು ಬಿಗಿಹಿಡಿದಿರಬೇಕು, ಉಸಿರು ತಾಗಿದರೆ ಹರಳು ಹೋಯಿತು. ಹೀಗೆ ಐದು ಸಾವಿರಕ್ಕೂ ಮಿಕ್ಕಿ ಚಿತ್ರಗಳು. ಒಂದರಂತೆ ಇನ್ನೊಂದು ತನಗೆ ಕಾಣಸಿಗಲಿಲ್ಲವೆಂದ. ಚಿತ್ರದ ಪ್ರತಿಯೊಂದನ್ನು ಐದು ಸೆಂಟಿಗೆ ಮಾರುತ್ತಿದ್ದ ಅವನಿಗೆ ಅದರಿಂದ ಸಂಪತ್ತು ಬರಲಿಲ್ಲ. ಊರಿನವರಲ್ಲಿ ಅನೇಕರು ಅವನನ್ನು ಅರೆಮರುಳನೆಂದೇ ಎಣಿಸಿದ್ದರು. ಎರಡು ಸಾವಿರಕ್ಕೂ ಹೆಚ್ಚು ಚಿತ್ರಗಳ ಅವನ ಗ್ರಂಥ ಪ್ರಕಟವಾದದ್ದು 1931ರಲ್ಲಿ. ಅದೇ ವರ್ಷದ ಡಿಸೆಂಬರ್ 23ರಂದು, ಕ್ರಿಸ್ತಜಯಂತಿಗೆ ಎರಡು ದಿನ ಮೊದಲು, ಅದೇ ಹೊಲಮನೆಯಲ್ಲಿ ನ್ಯುಮೋನಿಯಾದಿಂದ ತೀರಿಕೊಂಡ.

ಆರು ಎಸಳೇ ಏಕೆ, ಐದೋ ಏಳೋ ಏಕಲ್ಲ? ಈ ಪ್ರಶ್ನೆಯನ್ನು ಬೆಂಟ್ಲಿಗಿಂತ ಬಹು ಮುಂಚೆ ಕೇಳಿದವನು ಖಗೋಳಜ್ಞ ಕೆಪ್ಲರ್. ಪ್ರಾಗ್ ನಗರದಲ್ಲಿ ಹೊಸ ವರ್ಷದ ಉಡುಗೊರೆ ಕೊಡಲು ಕೈಯಲ್ಲಿ ಕಾಸಿಲ್ಲದೆ, ತನ್ನ ಅಂಗಿಯ ಮೇಲೆ ಬಿದ್ದ ಹಿಮವನ್ನೇ ಕುರಿತ ಕಿರುಹೊತ್ತಿಗೆಯೊಂದನ್ನು ತನ್ನ ಪೋಷಕನಿಗೆ 1611ರಲ್ಲಿ ಕಾಣಿಕೆಯಾಗಿ ಕೊಟ್ಟ. ಲ್ಯಾಟಿನಿನಲ್ಲಿ ‘ನಿಕ್ಸ್’ ಎಂದರೆ ಹಿಮ. ಜರ್ಮನರ ಆಡುನುಡಿಯಲ್ಲಿ ಅದೇ ಉಚ್ಚಾರದ ಪದಕ್ಕೆ ‘ಏನೂ ಇಲ್ಲ’ ಎಂದರ್ಥ. ಏನೂ ಇಲ್ಲದವನು ಏನೂ ಇಲ್ಲದುದನ್ನೇ ಕೊಡುತ್ತಿದ್ದೇನೆಂದು ಅವನ ಚೇಷ್ಟೆ. ದಾಳಿಂಬೆಯ ಬೀಜ, ಜೇನುಗೂಡಿನ ಕೋಣೆ ಎಲ್ಲವನ್ನೂ ಹೋಲಿಸಿ ನೋಡಿ, ಕೊನೆಗೆ ಉತ್ತರವನ್ನು ಮುಂದಿನವರಿಗೆ ಬಿಟ್ಟ. ಮಂಜುಗಡ್ಡೆಯಲ್ಲಿ ನೀರಿನ ಅಣುಗಳು ಆರು ಮೂಲೆಯ ಜಾಲವಾಗಿ ಹೆಣೆದುಕೊಳ್ಳುವುದರಿಂದ ಹರಳಿಗೂ ಆರು ಎಸಳೆಂದು ಇಂದು ನಾವು ಬಲ್ಲೆವು. ಜಪಾನಿನ ಉಕಿಚಿರೊ ನಕಾಯಾ 1936ರಲ್ಲಿ ಮೊಲದ ಕೂದಲಿನ ತುದಿಯಲ್ಲಿ ಕೃತಕ ಹಿಮದ ಹರಳನ್ನು ಬೆಳೆಸಿ, ಶೀತವೂ ತೇವವೂ ಬದಲಾದಂತೆ ಹರಳಿನ ಆಕಾರವೂ ಬದಲಾಗುವುದನ್ನು ತೋರಿಸಿದ. ಚಿತ್ರಪಟಗಳಲ್ಲಿ ನಾವು ಕಾಣುವ ಕವಲೊಡೆದ ನಕ್ಷತ್ರಗಳು ಸೊನ್ನೆಗಿಂತ ಸುಮಾರು 15 ಡಿಗ್ರಿ ಕೆಳಗೆ ಅರಳುತ್ತವೆ.

ಇದನ್ನೆಲ್ಲ ಮಗುವಿಗೆ ಹೇಳಲು ಪ್ರಯೋಗಶಾಲೆ ಬೇಕಿಲ್ಲ. ಕಪ್ಪು ಬಟ್ಟೆಯೊಂದನ್ನು ಮೊದಲೇ ಹೊರಗಿಟ್ಟು ತಣ್ಣಗಾಗಿಸಿ ಹಿಮಕ್ಕೆ ಒಡ್ಡಿದರೆ, ಭೂತಗನ್ನಡಿಯಲ್ಲಿ ಹರಳುಗಳು ಸೊಗಸಾಗಿ ಕಾಣುತ್ತವೆ. ಹಿಮದ ಬೊಂಬೆ ಮಾಡಹೊರಟ ಮಕ್ಕಳಿಗೆ ಒಂದು ದಿನ ಉಂಡೆ ಕಟ್ಟಲು ಬರುತ್ತದೆ, ಇನ್ನೊಂದು ದಿನ ಪುಡಿಯಾಗಿ ಉದುರುತ್ತದೆ. ಸೊನ್ನೆಯ ಆಸುಪಾಸಿನ ತೇವದ ಹಿಮ ಮಾತ್ರ ಅಂಟುತ್ತದೆಂದು ಕೈಗಳೇ ಕಲಿಯುತ್ತವೆ. ಒಂದು ಜಾಡಿಯ ತುಂಬ ಹಿಮ ತುಂಬಿ ಒಲೆಯ ಬಳಿಯಿಟ್ಟರೆ ಕರಗಿ ಉಳಿಯುವ ನೀರು ಸಾಮಾನ್ಯವಾಗಿ ಹತ್ತರಲ್ಲೊಂದು ಪಾಲು. ಒಣ ಹಿಮವಾದರೆ ಅದಕ್ಕಿಂತಲೂ ಕಡಿಮೆ. ಕೆನಡಾದ ಕ್ವಿಬೆಕ್ ಪ್ರಾಂತದ ಮನೆಗಳಲ್ಲಿ ಮೇಪಲ್ ಮರದ ರಸವನ್ನು ನಮ್ಮ ಗೃಹಿಣಿಯರು ಉಂಡೆಪಾಕವೆನ್ನುವ ಹದಕ್ಕೆ ಕಾಯಿಸಿ ಶುಭ್ರವಾದ ಹಿಮದ ಮೇಲೆ ಸುರಿಯುತ್ತಾರೆ. ಕೂಡಲೇ ಅದು ಮೆದುವಾಗಿ ಗಟ್ಟಿಗೊಳ್ಳುತ್ತದೆ. ಮಕ್ಕಳು ಕಡ್ಡಿಗೆ ಸುತ್ತಿಕೊಂಡು ಚೀಪುತ್ತಾರೆ. ಇಲ್ಲಿ ರಸಾಯನಶಾಸ್ತ್ರವಿದೆ ನಿಜ, ಆದರೆ ಮೊದಲು ಸಿಹಿಯಿದೆ.

ಆ ಕ್ರಮ ತಲೆಕೆಳಗಾಗುವುದೇ ನಮ್ಮ ಕಳವಳ. ಮನೆಶಾಲೆಯ ಹೆತ್ತವರಿಗಾಗಿ ಬರುವ ಕೈಪಿಡಿಗಳಲ್ಲಿ ಹಿಮದ ಆಟವೂ ಪಾಠದ ಯೋಜನೆಯಾಗಿಬಿಡುವುದುಂಟು: ಬೊಂಬೆಯ ಎತ್ತರ ಅಳೆದು ಪಟ್ಟಿ ತುಂಬಿಸು, ಜಾರುಬಂಡಿಯ ವೇಗ ಬರೆದಿಡು, ಹಿಮದ ಮೇಲೆ ಹತ್ತು ವಾಕ್ಯ ಬರೆ. ಪಾಪ, ನೆಂಟರೂ ನೆರೆಯವರೂ ‘ಮಕ್ಕಳು ಏನಾದರೂ ಕಲಿಯುತ್ತಿದ್ದಾರೆಯೇ’ ಎಂದು ಕೇಳುವರೆಂಬ ಅಳುಕು ಆ ತಾಯಂದಿರಿಗೆ ಸದಾ ಇರುತ್ತದೆ. ಆದರೆ ಫ್ಯಾನಿ ಬೆಂಟ್ಲಿ ಮಗನಿಗೆ ಕೊಟ್ಟದ್ದು ಪಟ್ಟಿಯನ್ನಲ್ಲ, ಒಂದು ಉಪಕರಣವನ್ನೂ ಅದರೊಡನೆ ಕಾಲವನ್ನೂ. ಅವನೇನು ಕಾಣುವನೋ ಅವಳಿಗೂ ಗೊತ್ತಿರಲಿಲ್ಲ.

ಇದರ ಹೊರೆಯನ್ನೂ ಹೇಳದಿದ್ದರೆ ಚಿತ್ರ ಅಪೂರ್ಣ. ನಾಲ್ಕು ಮಕ್ಕಳನ್ನು ಹೊರಗೆ ಬಿಡಬೇಕಾದರೆ ಮೂರು ಪದರದ ಉಡುಪು ತೊಡಿಸಲು ಅರ್ಧ ಗಂಟೆ ಬೇಕು. ಕೊನೆಯವನ ಬೂಟಿನ ದಾರ ಕಟ್ಟುವಷ್ಟರಲ್ಲಿ ಮೊದಲನೆಯವನಿಗೆ ಶೌಚಕ್ಕೆ ಹೋಗಬೇಕಾಗಿರುತ್ತದೆ. ಜಾರುವ ಇಳಿಜಾರು ರಸ್ತೆಗೆ ಮುಟ್ಟಬಾರದು. ಹಲಗೆಯ ಮೇಲೆ ತಲೆ ಮುಂದಾಗಿ ಮಲಗಗೊಡಬಾರದು. ಬೆರಳು ಬಿಳಿಚಿ ಮರಗಟ್ಟಿದರೆ ಉಜ್ಜದೆ ಬೆಚ್ಚನೆಯ ನೀರಿನಲ್ಲಿಡಬೇಕು. ಬಳಿಕ ಒದ್ದೆ ಬಟ್ಟೆಗಳ ರಾಶಿ. ಅತ್ತೆಯಿಲ್ಲ, ಅಮ್ಮನಿಲ್ಲ, ಕರೆದರೆ ಬರುವ ಕೆಲಸದಾಕೆಯೂ ಇಲ್ಲದ ಆ ಮನೆಗಳಲ್ಲಿ ಪಾಠವೂ ಪಾತ್ರೆಯೂ ಒಬ್ಬಳ ಪಾಲಿಗೇ ಬೀಳುವುದು ಹೆಚ್ಚು. ತಂದೆಯಾದವನು ಸಂಜೆ ಮನೆಗೆ ಬಂದು ಅಂಗಳದ ಹಿಮವನ್ನು ಸಲಿಕೆಯಿಂದ ಸರಿಸುವಾಗ ಮಕ್ಕಳನ್ನೂ ಜೊತೆಗೆ ಕರೆದುಕೊಂಡರೆ, ತಾಯಿಗೆ ಒಂದು ಗಂಟೆಯ ಮೌನ ದೊರೆಯುತ್ತದೆ. ಅದೂ ಬಿಡುವೇ ತಾನೆ?

ಇದನ್ನೋದಿ ಯಾರೂ ಮಕ್ಕಳನ್ನು ಶಾಲೆಯಿಂದ ಬಿಡಿಸಬೇಕೆಂದು ನಾವು ಹೇಳುತ್ತಿಲ್ಲ. ಹಿಮವನ್ನಂತೂ ನಮ್ಮ ಊರುಗಳಿಗೆ ತರಲಾಗದು. ಆದರೆ ಬೆಂಟ್ಲಿಯ ಇನ್ನೊಂದು ಕೆಲಸವನ್ನು ಹೇಳದೆ ಬಿಡಲಾರೆವು. ಬೇಸಗೆಯಲ್ಲಿ ಹಿಮವಿಲ್ಲದಾಗ ಅವನು ಮಳೆಹನಿಗಳನ್ನು ಅಳೆಯಲು ಹೊರಟ. ಸುಮಾರು ಒಂದು ಅಂಗುಲ ಆಳಕ್ಕೆ ನಯವಾದ ಹಿಟ್ಟು ಹರಡಿದ ತಟ್ಟೆಯನ್ನು ಕೆಲವು ಕ್ಷಣ ಮಳೆಗೆ ಹಿಡಿದರೆ, ಬಿದ್ದ ಪ್ರತಿಯೊಂದು ಹನಿಯೂ ಹಿಟ್ಟಿನ ಪುಟ್ಟ ಗುಂಡಾಗುತ್ತದೆ. ಅವು ಒಣಗಿದ ಮೇಲೆ ಆಯ್ದು ಸಾಲಾಗಿ ಜೋಡಿಸಿದರೆ ದೊಡ್ಡ ಹನಿ ಯಾವುದು, ಸಣ್ಣ ಹನಿ ಯಾವುದು ಎಂದು ಕಣ್ಣಿಗೆ ಕಾಣುತ್ತದೆ. 1904ರಲ್ಲಿ ಅವನು ಇದನ್ನು ಹವಾಮಾನ ಶಾಸ್ತ್ರದ ಪತ್ರಿಕೆಯೊಂದರಲ್ಲಿ ಪ್ರಕಟಿಸಿದ. ಜೂನ್ ತಿಂಗಳ ಮಳೆಗೆ ಶಾಲೆಗಳು ರಜೆ ಕೊಟ್ಟ ದಿನ, ಆಗುಂಬೆಯಲ್ಲಾಗಲಿ ಮಂಗಳೂರಿನಲ್ಲಾಗಲಿ, ಒಂದು ತಟ್ಟೆಯೂ ಒಂದು ಸೇರು ಮೈದಾ ಹಿಟ್ಟೂ ಇದ್ದರೆ ಸಾಕು. ಹಿಟ್ಟು ಹಾಳಾಯಿತೆಂದು ಅಜ್ಜಿ ಗದರಿಯಾರು. ಮಕ್ಕಳಿಗೆ ಆ ಗುಂಡುಗಳನ್ನು ಅವರಿಗೇ ಮೊದಲು ತೋರಿಸಲು ಹೇಳಿ.